ಎಂಟು ಜನ ಕೇಳುವ ಫೋನು

ನಾರ್ವೆ, ಕೊಪ್ಪ ತಾಲ್ಲೂಕು
೬ ಡಿಸೆಂಬರ್ ೨೦೦೯, ಭಾನುವಾರ

ಪ್ರೀತಿಯ ತಮ್ಮ ಲೋಕೇಶನಿಗೆ ಅಕ್ಕನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಲಾರಿಯ ಸೀಟಿನ ಮೇಲೆ ದಪ್ಪ ಟವೆಲ್ಲು ಮಡಚಿ ಹಾಕಿಕೊಂಡು ಕೂರು ಅಂತ ಎಷ್ಟು ಸಲ ಹೇಳಿದ್ದೇನೆ, ಹಾಕಿಕೊಂಡಿದ್ದೀಯೋ ಇಲ್ಲವೋ ದೇವರೇ ಬಲ್ಲ. ಬೊಂಬಾಯಿಯಲ್ಲಿ ಆ ವಡಾಪಾವ್ ಒಂದನ್ನೇ ನಂಬಿಕೊಂಡು ದಿನ ತಳ್ಳಬೇಡ, ಎಲ್ಲಾದರೂ ಅನ್ನ ಸಾರು ಸಿಗುವ ಕಡೆ ಹೋಗಿ ಹೊಟ್ಟೆ ತುಂಬ ಉಣ್ಣು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನ ಮಂಡಿ ಊತ ಇಳಿದು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಸಾರಿಗೆ ಉಪ್ಪು ಕಮ್ಮಿ ಅಂತ ನಿನ್ನೆ ನನಗೆ ಬೈದರು, ಅಂದರೆ ಆರೋಗ್ಯ ಪೂರ್ತಿ ಸರಿಹೋಗಿದೆ ಅಂತಲೇ ಲೆಕ್ಕ. ಚಳಿ ಈ ಸಲ ಬೇಗ ಬಂದಿದೆ. ಬೆಳಿಗ್ಗೆ ಬೆರಳು ಮಡಚುವುದಕ್ಕೇ ಆಗುವುದಿಲ್ಲ, ಆದರೂ ಅಡಿಕೆ ಸುಲಿಯುವ ಕೆಲಸ ನಿಲ್ಲುತ್ತದೆಯೇ, ಇದೇ ನಮಗೆ ನಾಲ್ಕು ಕಾಸು ಕಾಣುವ ಕಾಲ.

ಫೋನು ಇರುವ ಕಾಲದಲ್ಲಿ ಅಕ್ಕ ಯಾಕೆ ಕಾಗದ ಬರೆದಳು ಅಂತ ನಿನಗೆ ಅನ್ನಿಸಬಹುದು. ನೀನು ಕೊಟ್ಟ ಫೋನು ಹೋದ ಮಂಗಳವಾರ ಬಾಯಿ ಮುಚ್ಚಿತು. ಅದರ ಬದಲು ಇನ್ನೊಂದು ಬಂದಿದೆ, ಅದರ ಕತೆ ಮುಂದೆ ಹೇಳುತ್ತೇನೆ. ಹೊಸ ನಂಬರನ್ನು ನಮ್ಮ ಗುಂಪಿನ ಕಿರಿಯಳು ಕುಸುಮಾ ಲಕೋಟೆಯ ಹಿಂದೆ ಬರೆದಿದ್ದಾಳೆ. ನಂಬರು ಸಿಕ್ಕಿತು ಅಂತ ಅಲ್ಲಿಂದಲೇ ಒತ್ತಬೇಡ ಮಾರಾಯ, ಮೊದಲು ಇದನ್ನು ಪೂರ್ತಿ ಓದು. ಕೆಲವು ಮಾತಿಗೆ ಕಾಗದವೇ ಒಳ್ಳೆಯದು. ನಿಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ, ಅಲ್ಲಿಯವರು ಒಡೆದು ಓದಿದರೂ ಕನ್ನಡ ಬಾರದವರಲ್ಲವಾ.

ಹೋದ ತಿಂಗಳು ನೀನು ಗಾಬರಿಯಿಂದ ಫೋನ್ ಮಾಡಿದ್ದೆಯಲ್ಲ, ಅದಕ್ಕೆ ಉತ್ತರ ಕೊಡುತ್ತಿದ್ದೇನೆ. ಆ ಫೋನನ್ನು ಹೊಳೆಗೆ ಎಸೆದುಬಿಡು ಅಂತ ನೀನು ಅಂದೆ. ಯಾರು ಕೊಟ್ಟರು ಅಂತ ಕೇಳಿದರೆ ನನ್ನ ಹೆಸರು ಹೇಳಬೇಡ ಅಂದೆ. ಎಸೆಯುವುದಿಲ್ಲ. ತಮ್ಮ ದೀಪಾವಳಿಗೆ ಅಂತ ಅಕ್ಕನ ಕೈಗೆ ಇಟ್ಟ ವಸ್ತುವನ್ನು ಹೊಳೆಗೆ ಎಸೆಯಬೇಕಾದರೆ ನಾನು ಎಂತ ಕಳ್ಳತನ ಮಾಡಿದ್ದೇನೆ? ಹೋದ ವರ್ಷ ದೀಪಾವಳಿಗೆ ನೀನು ಬಂದು ಕೆಂಪು ಬಣ್ಣದ, ತಲೆಗೆ ಟಾರ್ಚು ಇರುವ, ಬೆನ್ನ ಮೇಲೆ ಸಾಲಾಗಿ ತೂತು ಇರುವ ಆ ಸೆಟ್ಟನ್ನು ಕೊಟ್ಟಾಗ ನಿನ್ನ ಭಾವ, ಇದು ಫೋನೋ ಭಜನೆ ಮಂಡಳಿಯ ಮೈಕೋ ಅಂತ ನಗಾಡಿದ್ದರು. ನೀನು ಎರಡು ದಿನ ಇದ್ದು ಹೋದೆ. ಆಮೇಲೆ ಆ ಮೈಕು ಇಲ್ಲಿ ಎಂತೆಂತ ಮಾಡಿತು ಅನ್ನುವುದು ನಿನಗೆ ಗೊತ್ತಿಲ್ಲ. ಗೊತ್ತಿದ್ದರೆ ಎಸೆ ಅನ್ನುತ್ತಿರಲಿಲ್ಲ.

ಮೇಸ್ತ್ರಿ ಕೃಷ್ಣಪ್ಪನ ಕಾಲ ನಿನಗೆ ನೆನಪಿರಬೇಕು. ಅಡಿಕೆ ಕೊಯ್ಲು ಶುರುವಾಯಿತೆಂದರೆ ಬೆಳಿಗ್ಗೆ ಅವನು ನಾರ್ವೆ ಕ್ರಾಸಿನಲ್ಲಿ ಜೀಪು ನಿಲ್ಲಿಸಿಕೊಂಡು ನಿಲ್ಲುತ್ತಿದ್ದ. ನಾವು ಹೆಂಗಸರು ಅಡಿಕೆ ಸುಲಿಯುವ ಮೆಟ್ಟುಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಅವನ ಎದುರು ಸಾಲಾಗಿ ನಿಲ್ಲಬೇಕು. ನೀನು ಬಾ, ನೀನು ಬಾ, ನೀನು ನಾಳೆ ನೋಡಣ ಅಂತ ಬೆರಳು ತೋರಿಸುತ್ತಿದ್ದ. ಯಾರ ಮನೆಗೆ, ಎಷ್ಟು ದಿನ, ಸುಲಿದು ತುಂಬಿದ ಒಂದು ಡಬ್ಬಕ್ಕೆ ಕೂಲಿ ಎಷ್ಟು ಅನ್ನುವುದೆಲ್ಲ ಅವನಿಗೂ ತೋಟದ ಸಾಹುಕಾರರಿಗೂ ಮಾತ್ರ ಗೊತ್ತು. ಅವರಿಬ್ಬರೂ ಜಗಲಿಯ ಮೂಲೆಯಲ್ಲಿ ಪಿಸುಪಿಸು ಮಾತಾಡಿಕೊಂಡರೆ ಮುಗಿಯಿತು. ದುಡ್ಡು ಅವನ ಕೈಗೆ ಹೋಗಿ, ಅಲ್ಲಿಂದ ಸೋರಿ, ಉಳಿದದ್ದು ನಮ್ಮ ಕೈಗೆ. ನಮ್ಮ ಜೊತೆಯ ಯಲ್ಲಕ್ಕ ಒಂದು ಸಲ, ಸಾಹುಕಾರರು ಎಷ್ಟು ಕೊಟ್ಟರು ಕೃಷ್ಣಪ್ಪ ಅಂತ ಬಾಯಿಬಿಟ್ಟು ಕೇಳಿದಳು. ಆ ವರ್ಷ ಪೂರ್ತಿ ಅವಳ ಕಡೆ ಬೆರಳು ತಿರುಗಲಿಲ್ಲ. ಹಸಿ ಅಡಿಕೆ ಸುಲಿಯುವುದರಲ್ಲಿ ಅವಳಿಗಿಂತ ಚುರುಕಿನವರು ಈ ಸುತ್ತಿನಲ್ಲಿ ಇಲ್ಲ, ಆದರೂ ಮನೆಯಲ್ಲಿ ಕೂತಳು.

ಇದೆಲ್ಲ ತಿರುಗಿದ್ದು ನಿನ್ನ ಫೋನಿನಿಂದ. ಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅದು ಚೀಲದೊಳಗಿಂದ ಕೂಗಿಕೊಂಡಿತು. ಡ್ರೈವರು ಗಾಬರಿಬಿದ್ದು ಬ್ರೇಕು ಹಾಕಿದ. ಮುಂದಿನ ಸೀಟಿನಲ್ಲಿದ್ದ ಕಮ್ಮರಡಿ ಕಡೆಯ ಪುಟ್ಟಪ್ಪಗೌಡರು ತಿರುಗಿ ನೋಡಿ, ಅಡಿಕೆ ಸುಲಿಯಕ್ಕೆ ಬರೋ ಸೀತಕ್ಕ ಅಲ್ಲವಾ ಅಂದರು. ಅಡಿಕೆ ಕೊನೆ ತೆಗೆಸಿ ರಾಶಿ ಹಾಕಿದ್ದೇನೆ, ಆ ಕೃಷ್ಣಪ್ಪ ಬಾಳೆಹೊನ್ನೂರಿನಲ್ಲಿ ಯಾರಿಗೋ ಆಳು ಕೊಡಿಸುವುದರಲ್ಲಿ ಬಿದ್ದಿದ್ದಾನೆ, ನಿನ್ನ ನಂಬರು ಕೊಡು ಅಂದರು. ಹಸಿ ಅಡಿಕೆ ಕಾಯುವುದಿಲ್ಲವಲ್ಲ. ಕೊಯ್ದದ್ದನ್ನು ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಟ್ಟು ರೇಟು ಬೀಳುತ್ತದೆ. ಮರುದಿನ ಬೆಳಿಗ್ಗೆ ನಾವು ಎಂಟು ಜನ ಕ್ರಾಸಿನಲ್ಲಿ ನಿಲ್ಲದೆ ನೇರವಾಗಿ ಗೌಡರ ಮನೆಗೆ ಹೋದೆವು. ದುಡ್ಡು ನಮ್ಮ ಕೈಗೇ ಬಂತು. ಆವತ್ತು ಯಲ್ಲಕ್ಕ ನೋಟನ್ನು ಎರಡು ಸಲ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ನನಗೆ ಕಣ್ಣು ತುಂಬಿತು.

ಇನ್ನು ನಮ್ಮ ಗುಂಪಿನ ಒಂದು ಕಟ್ಟಳೆ ಹೇಳಬೇಕು. ತೋಟವೆಲ್ಲ ತಗ್ಗಿನಲ್ಲಿ ಇರುವುದು, ಅಲ್ಲಿ ಟವರು ಸಿಗುವುದಿಲ್ಲ. ಹೋದ ಕಡೆಯಲ್ಲೆಲ್ಲ ಕುಸುಮಾ ಫೋನನ್ನು ತಲೆ ಮೇಲೆ ಎತ್ತಿಕೊಂಡು ಚಪ್ಪರದ ತುಂಬ ಓಡಾಡಿ, ಗೆರೆ ಕಾಣುವ ಜಾಗ ಹುಡುಕಿ, ಅಲ್ಲೇ ಬಿದಿರಿನ ಗಳಕ್ಕೆ ಹಗ್ಗ ಹಾಕಿ ನೇತುಹಾಕುತ್ತಾಳೆ. ಕೆಳಗೆ ಇಳಿಸಿ ಕಿವಿಗೆ ಇಟ್ಟುಕೊಂಡರೆ ಲೈನು ಹೋಗುತ್ತದೆ. ಆದ್ದರಿಂದ ಮಾತೆಲ್ಲ ಮೈಕಿನಲ್ಲೇ ಆಗಬೇಕು. ಅದು ಮೇಲೆ ಕೂಗುತ್ತದೆ, ನಾನು ಕತ್ತಿ ಮೆಟ್ಟಿಕೊಂಡು ಕೆಳಗಿನಿಂದ ಕೂಗುತ್ತೇನೆ. ಸಾಹುಕಾರರು ರೇಟು ಹೇಳಿದರೆ ಎಂಟು ಜನಕ್ಕೂ ಕೇಳುತ್ತದೆ. ಕಮ್ಮಿ ಹೇಳಿದರೆ ನಾನು ಬಾಯಿ ತೆಗೆಯುವ ಮೊದಲೇ ಕರಿಯಕ್ಕ, ಅಷ್ಟಕ್ಕೆ ನೀವೇ ಕೂತು ಸುಲ್ಕಳಿ ಅಂತ ಅಂದಾಗಿರುತ್ತದೆ. ಕರಿಯಕ್ಕನ ನಾಲಿಗೆ ನಿನಗೆ ಗೊತ್ತಲ್ಲ, ಅರವತ್ತು ದಾಟಿದರೂ ಅದಕ್ಕೆ ಮಾತ್ರ ತುಕ್ಕು ಹಿಡಿದಿಲ್ಲ. ಮೊದಮೊದಲು ಅದು ಟವರಿನ ಕಾಟಕ್ಕೆ ಮಾಡಿಕೊಂಡದ್ದು. ಆಮೇಲೆ ಟವರು ಚೆನ್ನಾಗಿ ಸಿಗುವ ಜಾಗದಲ್ಲೂ ನಾನು ಫೋನನ್ನು ಕಿವಿಗೆ ಹಚ್ಚಿದರೆ ಹೆಂಗಸರು ಕತ್ತಿಯಿಂದ ಕಾಲು ತೆಗೆದು ಕೆಲಸ ನಿಲ್ಲಿಸಿಬಿಡುತ್ತಿದ್ದರು. ಅಲ್ಲಿಂದ ಅದೇ ಕಟ್ಟಳೆಯಾಯಿತು. ಕೆಲಸದ ಜಾಗದಲ್ಲಿ ಬಂದ ಫೋನು ಎಲ್ಲರ ಕಿವಿಗೂ ಬೀಳಬೇಕು. ನಾನೂ ಒಪ್ಪಿಕೊಂಡೆ. ಇಲ್ಲದಿದ್ದರೆ ನನಗೂ ಕೃಷ್ಣಪ್ಪನಿಗೂ ಎಂತ ವ್ಯತ್ಯಾಸ?

ಹೀಗೆ ಒಂದು ವರ್ಷ ನರಸಿಂಹರಾಜಪುರದ ಕಡೆಯಿಂದಲೂ ಕರೆ ಬಂತು, ಶೃಂಗೇರಿಯ ಕಡೆಯಿಂದಲೂ ಬಂತು. ಅಷ್ಟರಲ್ಲಿ ಇಂಥ ಚೈನಾ ಸೆಟ್ಟುಗಳನ್ನು ಬಂದ್ ಮಾಡುತ್ತಾರೆ ಅಂತ ಸರ್ಕಾರದ ಈ ಸುದ್ದಿ. ಮೊದಲು ಬೇಸಿಗೆಯಲ್ಲಿ ಬಂದ್ ಮಾಡುತ್ತೇವೆ ಅಂದರು, ಆಮೇಲೆ ಮಳೆಗಾಲ ಅಂದರು, ನಮ್ಮೂರ ರಸ್ತೆಗೆ ಡಾಂಬರು ಬಂದ ಹಾಗೆ ಮುಂದೆ ಹೋಗುತ್ತಲೇ ಇತ್ತು, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಈ ಸಲ ಮಾತ್ರ ನವೆಂಬರ್ ಮುಗಿದ ಮೇಲೆ ಖಂಡಿತ ಬಂದ್ ಅಂತ ಪೇಪರಿನಲ್ಲೂ ಟಿವಿಯಲ್ಲೂ ಬಂತು. ಕೊಪ್ಪದ ಒಂದು ಮೊಬೈಲ್ ಅಂಗಡಿಗೆ ಕುಸುಮಾಳನ್ನು ಕರೆದುಕೊಂಡು ಹೋದೆ. ಅಂಗಡಿಯವರು ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. ಸ್ಟಾರು, ಹ್ಯಾಶು, ಸೊನ್ನೆ, ಆರು, ಹ್ಯಾಶು ಒತ್ತಿ ಅಂದರು. ಪ್ರತಿ ಫೋನಿಗೂ ಹುಟ್ಟುವಾಗಲೇ ಒಂದು ನಂಬರು ಇರುತ್ತದಂತೆ, ಅದು ಸಿಮ್ಮಿನ ನಂಬರಲ್ಲ, ಪೆಟ್ಟಿಗೆಯದೇ ನಂಬರು. ಕುಸುಮಾ ಒತ್ತಿದಳು. ಅಡ್ಡಕ್ಕೆ ಬರೀ ಸೊನ್ನೆ ಬಂತು ಲೋಕೇಶ. ಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ ಸಾಲಾಗಿ ಸೊನ್ನೆ.

ಇದು ಸುಂಕ ಕಟ್ಟದೆ ಒಳದಾರಿಯಲ್ಲಿ ಬಂದ ಮಾಲು, ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ, ಕೆಟ್ಟರೆ ಕೇಳುವುದಕ್ಕೆ ಕಂಪೆನಿ ಅಂತ ಒಂದು ಇಲ್ಲವೇ ಇಲ್ಲ ಅಂತ ಅವರು ಹೇಳಿದರು. ಬ್ಯಾಟರಿ ತೆಗೆದು ನೋಡಿ, ಹೊಟ್ಟೆ ಉಬ್ಬಿದೆ, ಚಾರ್ಜಿಗೆ ಹಾಕಿ ಹತ್ತಿರ ಮಲಗಬೇಡಿ ಅಂದರು. ಅದು ಸುಳ್ಳಲ್ಲ. ಮಳೆಗಾಲದಲ್ಲಿ ಒಂದು ಸಲ ಚಾರ್ಜಿಗೆ ಹಾಕಿದ್ದಾಗ ಕಾವು ಏರಿ, ಕೆಳಗಿದ್ದ ಗೋಣಿಚೀಲ ಅಂಗೈ ಅಗಲ ಸುಟ್ಟು ಕಪ್ಪಾಗಿತ್ತು. ನಿನಗೆ ಬೇಜಾರಾಗುತ್ತದೆ ಅಂತ ಹೇಳಿರಲಿಲ್ಲ. ಆವತ್ತಿನಿಂದ ಅದನ್ನು ಮನೆಯ ಹೊರಗೆ ಒರಳುಕಲ್ಲಿನ ಮೇಲೆ ಇಟ್ಟೇ ಚಾರ್ಜು ಮಾಡುತ್ತಿದ್ದೆ. ನಂಬರಿಲ್ಲದ ಫೋನಿನಿಂದ ಯಾರಾದರೂ ಬೆದರಿಕೆ ಹಾಕಿದರೆ, ಬಾಂಬು ಗೀಂಬು ಇಟ್ಟರೆ ಅವರನ್ನು ಹಿಡಿಯುವುದಕ್ಕೆ ಆಗುವುದಿಲ್ಲ, ಅದಕ್ಕೇ ಬಂದ್ ಮಾಡುವುದಂತೆ. ಸರಿ, ಹಿಡಿಯಲಿ. ಆದರೆ ನನ್ನನ್ನು ಹುಡುಕುವುದಕ್ಕೆ ನಂಬರು ಬೇಕಾ? ನಾರ್ವೆ ಕ್ರಾಸಿನಲ್ಲಿ ಸೀತಕ್ಕ ಅಂತ ಕೇಳಿದರೆ ಯಾರು ಬೇಕಾದರೂ ಮನೆಯ ತನಕ ಬಂದು ಬಿಟ್ಟು ಹೋಗುತ್ತಾರೆ.

ಅಂಗಡಿಯಿಂದ ಹೊರಗೆ ಬಂದರೆ ಒಬ್ಬ ಬೆನ್ನು ಹತ್ತಿದ. ಒಳಗಿನ ಮಾತು ಕೇಳಿಸಿಕೊಂಡಿದ್ದ ಅಂತ ಕಾಣುತ್ತದೆ. ಯಾವುದೋ ಕೆಟ್ಟುಹೋದ ಫೋನಿನ ನಂಬರನ್ನು ಇದಕ್ಕೆ ಹಾಕಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ, ಯಾರಿಗೂ ಗೊತ್ತಾಗುವುದಿಲ್ಲ ಅಂದ. ಸತ್ತವರ ಹೆಸರಿನಲ್ಲಿ ರೇಷನ್ ಎತ್ತಿದ ಹಾಗಾಯಿತಲ್ಲಪ್ಪ ಅಂದೆ. ಆ ಸತ್ತ ಫೋನಿನವನು ಎಲ್ಲಿ ಎಂತ ಮಾಡಿ ಹೋಗಿದ್ದಾನೋ, ಅವನ ಪಾಪ ನನ್ನ ತಲೆಗೆ ಬರಲಿ ಅಂತಲಾ? ನನ್ನ ಫೋನಿಗೆ ಹೆಸರಿಲ್ಲದಿದ್ದರೆ ಬೇಡ, ಬೇರೆಯವರ ಹೆಸರು ಬೇಡವೇ ಬೇಡ. ಶಿವಮೊಗ್ಗದಲ್ಲಿ ಸರ್ಕಾರದ ಒಪ್ಪಿಗೆಯಿಂದ ಸರಿಯಾದ ನಂಬರನ್ನೇ ಹಾಕಿಸಿಕೊಡುವ ಅಂಗಡಿ ಇದೆ ಅಂತ ಒಳಗಿನವರು ಹೇಳಿದ್ದರು. ಆದರೆ ಕೊಯ್ಲಿನ ನಡುವೆ ಶಿವಮೊಗ್ಗಕ್ಕೆ ಹೋಗಲು ಯಾರಿಗೆ ಪುರುಸೊತ್ತು, ಹೋಗುವುದಕ್ಕಾಗಲಿಲ್ಲ.

ಕೃಷ್ಣಪ್ಪನಿಗೆ ಈ ಸುದ್ದಿ ಹಾಲು ಅನ್ನ ಉಂಡಷ್ಟು ಸಂತೋಷ ಕೊಟ್ಟಿತು. ಸೀತಕ್ಕನದ್ದು ಕಳ್ಳಮಾಲು, ಅವಳ ಫೋನಿನಲ್ಲಿ ಯಾರ ಯಾರ ನಂಬರು ಇದೆಯೋ ಅವರನ್ನೆಲ್ಲ ಪೊಲೀಸರು ಕರೆಯುತ್ತಾರಂತೆ ಅಂತ ಹಬ್ಬಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತೋಟದವರು ಒಬ್ಬೊಬ್ಬರಾಗಿ ಹಿಂಜರಿದರು. ದಿನಾ ಕೂಗುತ್ತಿದ್ದ ಫೋನು ಸುಮ್ಮನಾಗುತ್ತ ಬಂತು. ಪುಟ್ಟಪ್ಪಗೌಡರೇ ನನ್ನ ಎದುರು, ಎಂತಕ್ಕೆ ಬೇಕು ಸೀತಕ್ಕ ಆ ರಗಳೆ, ಕಾನೂನು ಅಂದ್ರೆ ಕಾನೂನು ಅಂದರು. ಅವರ ಜೇಬಿನಲ್ಲಿ ಎಂತ ಇತ್ತು ಗೊತ್ತಾ? ಅವರ ಹೆಂಡತಿಯ ತಮ್ಮ ದುಬೈಯಿಂದ ಬಟ್ಟೆಯ ನಡುವೆ ಸುತ್ತಿ ತಂದ ಫೋನು, ನಾಲ್ಕು ತಂದು ಮೂರನ್ನು ಮಾರಿದ್ದು. ಅದಕ್ಕೂ ಬಿಲ್ಲಿಲ್ಲ, ಅದಕ್ಕೂ ಸುಂಕ ಕಟ್ಟಿಲ್ಲ. ನಂಬರು ಒಂದು ಇದೆ, ಅಷ್ಟೇ. ಅವರದ್ದು ಫಾರಿನ್ ಸೆಟ್ಟು, ನನ್ನದು ಚೈನಾ ಸೆಟ್ಟು. ಅಳಿಯ ಅಲ್ಲ ಮಗಳ ಗಂಡ. ಅದನ್ನು ಅವರ ಮುಖದ ಮೇಲೇ ಹೇಳಿದೆ. ಅವರು ಫೋನನ್ನು ಜೇಬಿನ ಒಳಕ್ಕೆ ಇನ್ನೂ ಸ್ವಲ್ಪ ತಳ್ಳಿಕೊಂಡರು.

ಹೀಗೆ ಹೆದರಿಕೊಂಡು ಕೂತರೆ ನಾವು ಎಂಟು ಜನ ಮತ್ತೆ ಕ್ರಾಸಿನಲ್ಲಿ ಬೆರಳು ನೋಡಿಕೊಂಡು ನಿಲ್ಲಬೇಕಾಗುತ್ತದೆ ಅನ್ನಿಸಿತು. ಆದದ್ದಾಗಲಿ ಅಂತ ಕರಿಯಕ್ಕನನ್ನು ಕರೆದುಕೊಂಡು ಪೊಲೀಸ್ ಸ್ಟೇಷನ್ನಿಗೇ ಹೋದೆ. ನಿನ್ನ ಎದೆ ಧಸಕ್ಕೆಂದಿರಬೇಕು, ಇರಲಿ, ಓದು. ಹೆಡ್ ಕಾನ್‌ಸ್ಟೆಬಲ್ ವೀರಪ್ಪನವರು ಅಂತ ಒಬ್ಬರಿದ್ದರು. ಫೋನನ್ನು ಅವರ ಮೇಜಿನ ಮೇಲೆ ಇಟ್ಟು, ಇದನ್ನು ಇಟ್ಟುಕೊಂಡದ್ದಕ್ಕೆ ನನ್ನನ್ನು ಹಿಡಿಯುವುದಾದರೆ ಈಗಲೇ ಹಿಡಿಯಿರಿ, ನಾಳೆ ಬೆಳಿಗ್ಗೆ ನನಗೆ ಕೆಲಸ ಇದೆ ಅಂದೆ. ಅವರು ನಕ್ಕರು, ಆಮೇಲೆ ಕೂರಿಸಿ ಸಮಾಧಾನದಿಂದ ಹೇಳಿದರು. ಇದನ್ನು ಬಳಸಿದ್ದಕ್ಕೆ ನಿಮ್ಮ ಮೇಲಾಗಲಿ ನಿಮಗೆ ಫೋನ್ ಮಾಡಿದವರ ಮೇಲಾಗಲಿ ಕೇಸು ಹಾಕುವುದಕ್ಕೆ ಯಾರೂ ಬರುವುದಿಲ್ಲ, ತಿಂಗಳ ಕೊನೆಗೆ ಇದು ತಾನಾಗಿ ನಿಲ್ಲುತ್ತದೆ. ಆದರೆ ಕದ್ದ ಸೆಟ್ಟಾಗಿದ್ದರೆ, ಯಾರಾದರೂ ಇದರಿಂದ ಕೆಟ್ಟ ಕೆಲಸ ಮಾಡಿದ್ದರೆ, ಉತ್ತರ ಹೇಳಬೇಕಾದವರು ಕೈಯಲ್ಲಿ ಇಟ್ಟುಕೊಂಡವರೇ ಅಂದರು. ಆಮೇಲೆ ಮೆಲ್ಲಗೆ, ಇದು ಎಲ್ಲಿಂದ ಬಂತು ಅಂತ ಕೇಳಿದರು.

ಕರಿಯಕ್ಕ ನನ್ನ ಮುಖ ನೋಡಿದಳು. ನಾನು, ನನ್ನ ತಮ್ಮ ದೀಪಾವಳಿಗೆ ಕೊಟ್ಟದ್ದು ಅಂದೆ. ಸುಳ್ಳು ಹೇಳುವ ಹೆಂಗಸಲ್ಲ ನಾನು, ನಿನಗೆ ಗೊತ್ತು. ಹೆಸರನ್ನು ಅವರು ಕೇಳಲಿಲ್ಲ. ಅಕ್ಕನಿಗೆ ತಮ್ಮ ಕೊಟ್ಟದ್ದಕ್ಕೆ ನಾವು ಎಂತ ಹೇಳುವುದು ಅಂದು, ಆಮೇಲೆ ಒಂದು ಮಾತು ಹೇಳಿದರು. ಆ ಮಾತನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ.

"ನೋಡವ್ವ, ಇಟ್ಕಂಡೋರು ಮೋಸ ಹೋದೋರು. ನಮಿಗೆ ಬೇಕಾಗಿರೋದು ಪೆಟ್ಟಿಗೆಗಟ್ಲೆ ತಂದು ಮಾರೋರು. ಈ ಕಡೆ ಅಂಥೋರು ಬಂದ್ರೆ ಬಂದು ಹೇಳು."

ಹೊರಗೆ ಬಂದು ಕರಿಯಕ್ಕ ಹೋಟೆಲಿನಲ್ಲಿ ಎರಡು ಟೀ ಹೇಳಿದಳು. ದುಡ್ಡು ಅವಳೇ ಕೊಟ್ಟಳು, ಇದನ್ನು ನೀನು ನಂಬಲಾರೆ.

ನಾವು ಸ್ಟೇಷನ್ನಿಗೆ ಹೋಗಿ ಕೈಬೀಸಿಕೊಂಡು ವಾಪಸು ಬಂದದ್ದು ಕೃಷ್ಣಪ್ಪನಿಗೆ ತಿಳಿಯಿತು. ಹೆದರಿಸಿ ಆಗಲಿಲ್ಲ ಅಂತ ಬೆಣ್ಣೆ ಹಚ್ಚುವುದಕ್ಕೆ ಶುರು ಮಾಡಿದ. ನವೆಂಬರ್ ಕೊನೆಯ ವಾರ ನಾವು ನರಸಿಂಹರಾಜಪುರದ ರಸ್ತೆಯ ಒಂದು ತೋಟದಲ್ಲಿ ಸುಲಿಯುತ್ತಿದ್ದೆವು. ಫೋನು ಗಳದ ಮೇಲೆ ನೇತಾಡುತ್ತಿತ್ತು. ರಿಂಗಾಯಿತು, ಕುಸುಮಾ ಏಣಿ ಹತ್ತಿ ಗುಂಡಿ ಒತ್ತಿದಳು. ಕೃಷ್ಣಪ್ಪನ ದನಿ. ನಮ್ಮ ಕಟ್ಟಳೆ ಅವನಿಗೆ ಎಲ್ಲಿ ಗೊತ್ತು?

"ಸೀತಕ್ಕ, ನಿನ್ ಫೋನ್ ಹೆಂಗೂ ಸಾಯ್ತದೆ. ಆ ಏಳು ಜನಾನ ನನ್ ಜೀಪಿಗೆ ಹತ್ಸು. ಡಬ್ಬಕ್ಕೆ ಇಷ್ಟು ಅಂತ ನಿಂಗೆ ಬೇರೆ ಕೊಡ್ತೀನಿ, ಅವ್ರಿಗೆ ಗೊತ್ತಾಗದು ಬ್ಯಾಡ."

ಚಪ್ಪರದಲ್ಲಿ ಕತ್ತಿಯ ಸದ್ದು ನಿಂತಿತು. ಏಳೂ ಜನ ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಅಡಿಕೆ ತೆಗೆದುಕೊಂಡು ಸುಲಿದು ಬುಟ್ಟಿಗೆ ಹಾಕಿ, ಅವರಿಗೆ ಗೊತ್ತಾಯಿತಲ್ಲ ಕೃಷ್ಣಪ್ಪ, ಇನ್ನು ಅವರನ್ನೇ ಕೇಳು ಅಂದೆ. ಅವನಿಗೆ ಅರ್ಥವಾಗುವಷ್ಟರಲ್ಲಿ ಯಲ್ಲಕ್ಕ ಎದ್ದು ನಿಂತಿದ್ದಳು. ಒಂದು ವರ್ಷ ಮನೆಯಲ್ಲಿ ಕೂತದ್ದನ್ನೆಲ್ಲ ಅವಳು ಆವತ್ತು ಗಳದ ಕಡೆ ಮುಖ ಮಾಡಿ ತೀರಿಸಿದಳು. ಅದನ್ನು ಬರೆದರೆ ಅಂಚೆಯವರು ಲಕೋಟೆ ತೆಗೆದುಕೊಳ್ಳುವುದಿಲ್ಲ.

ಡಿಸೆಂಬರ್ ಒಂದನೇ ತಾರೀಕು ಬೆಳಿಗ್ಗೆ ಫೋನಿನಲ್ಲಿ ಗೆರೆಯೇ ಇರಲಿಲ್ಲ. ಕುಸುಮಾ ಸಿಮ್ಮು ತೆಗೆದು ಸೆರಗಿನಿಂದ ಒರೆಸಿ ಹಾಕಿದಳು, ನಾನು ದೇವರ ಎದುರು ಇಟ್ಟು ತೆಗೆದೆ. ಎಂತ ಮಾಡಿದರೂ ಇಲ್ಲ. ಕ್ರಾಸಿಗೆ ಹೋದರೆ ಕೃಷ್ಣಪ್ಪನ ಜೀಪು ಆಗಲೇ ಬಂದು ನಿಂತಿದೆ. ಬಾಗಿಲು ತೆಗೆದುಕೊಂಡು ನಗುತ್ತ ಕಾಯುತ್ತಿದ್ದ. ನಿಜ ಹೇಳುತ್ತೇನೆ ಲೋಕೇಶ, ಆವತ್ತು ನನಗೆ ಹೆದರಿಕೆಯಾಯಿತು. ಒಂದು ದಿನದ ಕೂಲಿ ಬಿಟ್ಟರೆ ಒಲೆ ಹಚ್ಚುವುದಕ್ಕೆ ಯೋಚನೆ ಮಾಡಬೇಕಾದವರು ನಮ್ಮಲ್ಲಿ ಇದ್ದಾರೆ, ಯಾರಾದರೂ ಒಬ್ಬರು ಹತ್ತಿದರೆ ಉಳಿದವರೂ ಹತ್ತುತ್ತಾರೆ ಅಂತ ಗೊತ್ತಿತ್ತು. ಕರಿಯಕ್ಕ ಜೀಪಿನ ಹತ್ತಿರ ಹೋದಳು. ಇನ್ನು ಮುಗಿಯಿತು ಅಂದುಕೊಂಡೆ. ಅವಳು ಜೀಪಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಕುಂಕುಮ ಸರಿಮಾಡಿಕೊಂಡು, ವಾಪಸು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ಯಾರೂ ಹತ್ತಲಿಲ್ಲ. ಬಿಸಿಲು ಏರಿತು. ಕೃಷ್ಣಪ್ಪ ಎರಡು ಸಲ ಹಾರನ್ನು ಹೊಡೆದು, ಖಾಲಿ ಜೀಪು ತಿರುಗಿಸಿಕೊಂಡು ಹೋದ.

ಆ ದಿನ ಕೆಲಸವಿಲ್ಲದೆ ಮನೆಗೆ ಬಂದೆವು. ಮರುದಿನವೂ ಹೋಗಿ ಅದೇ ಕಟ್ಟೆಯ ಮೇಲೆ ಕೂತೆವು. ಪುಟ್ಟಪ್ಪಗೌಡರು ಬೈಕಿನಲ್ಲಿ ತಾವೇ ಹುಡುಕಿಕೊಂಡು ಬಂದರು. ಅಡಿಕೆ ರಾಶಿ ಬಿದ್ದಿದೆ, ನಿನ್ನೆಯಿಂದ ಫೋನ್ ಮಾಡಿ ಮಾಡಿ ಸಾಕಾಯಿತು, ಬೇಗ ಬನ್ನಿ ಅಂದರು. ಫೋನು ಸತ್ತದ್ದು, ನಾವು ಸತ್ತಿಲ್ಲವಲ್ಲ. ರೇಟನ್ನು ರಸ್ತೆಯ ಮೇಲೆ ಎಂಟು ಜನರ ಎದುರಿಗೇ ಮಾತಾಡಿದೆವು. ಡಬ್ಬಕ್ಕೆ ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು.

ಗುರುವಾರ ಕೊಪ್ಪಕ್ಕೆ ಹೋಗಿ, ಎಂಟೂ ಜನ ದುಡ್ಡು ಸೇರಿಸಿ, ಅದೇ ಒಳ್ಳೆಯ ಅಂಗಡಿಯಲ್ಲಿ ಹೊಸ ಫೋನು, ಹೊಸ ಸಿಮ್ಮು ತಂದೆವು. ಬಿಲ್ಲು ನನ್ನ ಹೆಸರಿನಲ್ಲೇ ಇದೆ. ಕುಸುಮಾ ಅಂಗಡಿಯಲ್ಲೇ ಸ್ಟಾರು ಹ್ಯಾಶು ಒತ್ತಿ, ಪೆಟ್ಟಿಗೆಯ ಮೇಲಿನ ನಂಬರಿಗೆ ತಾಳೆ ನೋಡಿದ ಮೇಲೆಯೇ ದುಡ್ಡು ಕೊಟ್ಟದ್ದು. ಇನ್ನು ಯಾರು ಎಂತ ಅಂತ ಹೆದರಿಸುತ್ತಾರೋ ಹೆದರಿಸಲಿ, ನೋಡುತ್ತೇನೆ. ಹೊಸದರ ದನಿ ಸಣ್ಣ. ಅದಕ್ಕೆ ಫೋನು ಬಂದಾಗ ಎಲ್ಲರೂ ಮಣೆ ಎಳೆದುಕೊಂಡು ಹತ್ತಿರ ಕೂಡುತ್ತಾರೆ, ಅಷ್ಟೇ ವ್ಯತ್ಯಾಸ. ನಿನ್ನ ಕೆಂಪು ಸೆಟ್ಟು ಗೂಡಿನಲ್ಲಿ ಇದೆ, ಬ್ಯಾಟರಿ ತೆಗೆದು ಬೇರೆ ಇಟ್ಟಿದ್ದೇನೆ. ಕಾನೂನಿಗೆ ಅದು ಸತ್ತಿರಬಹುದು. ನಮ್ಮ ಎಂಟು ಜನರನ್ನು ಆ ಜೀಪಿನಿಂದ ಇಳಿಸಿದ್ದು ಅದೇ. ನೀನು ಅದನ್ನು ಒಳ್ಳೆಯ ಮನಸ್ಸಿನಿಂದ ಕೊಟ್ಟೆ, ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿದ್ದೆಗೆಟ್ಟು ಗಾಡಿ ಓಡಿಸಬೇಡ, ಘಾಟಿಯಲ್ಲಿ ಯಾರನ್ನೂ ಹಿಂದೆ ಹಾಕಲು ಹೋಗಬೇಡ. ನಿನ್ನ ಭಾವ ಕೇಳಿದ್ದಾರೆ ಅಂತ ಬರೆಯಲು ಹೇಳಿದರು. ಮನೆದೇವರು ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಕ್ಕ,
ಸೀತೆ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಕುಸುಮಾ ಇದನ್ನು ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾಳೆ. ಆದರೂ ಇದನ್ನು ಬರೆಯದೆ ಕಳಿಸಲಾರೆ. ಆವತ್ತು ನೀನು ಫೋನ್ ಮಾಡಿದಾಗ ಇನ್ನೊಂದು ಮಾತೂ ಹೇಳಿದೆ. "ಅಕ್ಕಾ, ಇನ್ನೂ ಇಪ್ಪತ್ತು ಸೆಟ್ಟು ಐತೆ ನನ್ ಹತ್ರ. ಡೂಪ್ಲಿಕೇಟ್ ನಂಬರ್ ಹಾಕ್ಕೊಡೋನು ಸಿಕ್ಕಿದಾನೆ. ಸಂಕ್ರಾಂತಿಗೆ ತರ್ತೀನಿ, ಶೃಂಗೇರಿ, ಎನ್.ಆರ್.ಪುರದ ಕಡೆ ತಳ್ಳಣ. ನಿನ್ ಹೆಂಗಸ್ರಿಗೂ ಒಂದೊಂದು ಕೊಡು, ಅವ್ರಿಗೆಂತ ಗೊತ್ತಾಗ್ತದೆ" ಅಂದೆ. ನಾವು ಆಗ ಪುಟ್ಟಪ್ಪಗೌಡರ ಚಪ್ಪರದಲ್ಲಿ ಸುಲಿಯುತ್ತಿದ್ದೆವು ಲೋಕೇಶ. ಫೋನು ಗಳದ ಮೇಲಿತ್ತು. ಎಂಟು ಜನವೂ ಕೇಳಿದರು. ತಲೆ ತಗ್ಗಿಸಿಕೊಂಡು ಸುಲಿಯುತ್ತಲೇ ಇದ್ದರು. ಸಂಜೆ ಕರಿಯಕ್ಕ ಒಬ್ಬಳೇ ಹತ್ತಿರ ಬಂದು, "ನಿನ್ ತಮ್ಮ ನಮಿಗೂ ತಮ್ಮನೇ ಮಾರಾಯ್ತಿ. ಬಂದ್ರೆ ಊಟ ಹಾಕ್ತೀವಿ. ಪೆಟ್ಟಿಗೆ ತಂದ್ರೆ ಅಂಗಳಕ್ಕೆ ಬಿಡಲ್ಲ" ಅಂದಳು. ಇಷ್ಟು ಕೇಳಿಸಿಕೊಂಡ ಮೇಲೂ ಅವಳು ನನ್ನ ಜೊತೆ ಸ್ಟೇಷನ್ನಿಗೆ ಬಂದಳು, ಜೀಪು ಹತ್ತದೆ ನನ್ನ ಪಕ್ಕ ಕೂತಳು. ಹೊಸ ಫೋನಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು. ಅವರೆಲ್ಲರ ಎದುರಿಗೆ ನಿನ್ನನ್ನು ಬೈಯುವುದಕ್ಕೆ ನನಗೆ ಮನಸ್ಸಾಗಲಿಲ್ಲ, ಅದಕ್ಕೇ ಕಾಗದ. ಆ ಇಪ್ಪತ್ತನ್ನು ಕೊಟ್ಟವನಿಗೇ ವಾಪಸು ಕೊಡು, ತೆಗೆದುಕೊಳ್ಳದಿದ್ದರೆ ನಷ್ಟವಾಯಿತು ಅಂದುಕೋ. ಸಂಕ್ರಾಂತಿಗೆ ಬರಿಗೈಯಲ್ಲಿ ಬಾ, ನಿನಗೆ ಇಷ್ಟ ಅಂತ ಕೋಳಿ ಸಾರು ಕಡುಬು ಮಾಡಿಟ್ಟಿರುತ್ತೇನೆ. ಪೆಟ್ಟಿಗೆ ಹಿಡಿದುಕೊಂಡು ಬಂದರೆ ಮಾತ್ರ, ಕರಿಯಕ್ಕನೋ ಯಲ್ಲಕ್ಕನೋ ವೀರಪ್ಪನವರ ಹತ್ತಿರ ಹೋಗಲಿ ಅಂತ ನಾನು ಕಾಯುವುದಿಲ್ಲ. ನಾನೇ ಹೋಗುತ್ತೇನೆ, ಈ ಸಲ ಹೆಸರನ್ನೂ ಹೇಳುತ್ತೇನೆ.